ಕೇಳಿಸದಿದ್ದರೂ ಹೂಂ ಅಂದವಳು

ಆ ಮಗ್ಗದ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡ ವಯಸ್ಸಿನವರು ಆಮೇಲೆ ಬಂದು ಸೇರಿಕೊಂಡರೂ ಆ ಹೆಸರು ಹಾಗೇ ಉಳಿಯಿತು. ಮಾತು ಕಡಿಮೆ, ನಗು ಧಾರಾಳ. ಪಕ್ಕದ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳ ಬೆನ್ನಿಗೆ ಹುಟ್ಟಿದ ತಂಗಿ. ಐವತ್ತು ದಾಟಿ ತಲೆ ಅರ್ಧ ನರೆತಿದ್ದರೂ ದೊಡ್ಡಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಅಕ್ಕ ಕೂಗಿದ್ದನ್ನೇ ಕೇಳಿ ಕೇಳಿ ಶೆಡ್ಡಿನವರೂ ಹಾಗೇ ಕರೆಯುತ್ತಿದ್ದರು.

ಅಪ್ಪ ತೀರಿಕೊಂಡಾಗ ದೊಡ್ಡಕ್ಕ ಇನ್ನೂ ಲಂಗ ಹಾಕುವ ಹುಡುಗಿ. ಆಗಲೇ ಶೆಡ್ಡಿಗೆ ಬಂದವಳು, ಕೆಲಸ ಕೈಗೆ ಹತ್ತಿದ ಮೇಲೆ ತಂಗಿಯನ್ನೂ ಎಳೆದುಕೊಂಡು ಬಂದಳು. ನಡುವೆ ಅವಳಿಗೆ ಮದುವೆಯಾಯಿತು. ಗಂಡ ಒಳ್ಳೆಯವನೇ, ಆದರೆ ಆಯುಸ್ಸು ಗಟ್ಟಿ ಇರಲಿಲ್ಲ. ಒಂದು ಜ್ವರಕ್ಕೆ ಹೊರಟುಹೋದ. ಮಕ್ಕಳಿರಲಿಲ್ಲ. ಅವಳು ತಿರುಗಿ ತಂಗಿಯ ಜೊತೆಗೇ ಬಂದು ಆ ಎರಡು ಕೋಣೆಯ ಮನೆ ಸೇರಿದಳು. ಪುಟ್ಟಿ ಮದುವೆಯ ಗೊಡವೆಗೇ ಹೋಗಲಿಲ್ಲ. ನೋಡಲು ಬಂದವರಿಗೆಲ್ಲ ಏನಾದರೊಂದು ಕೊಂಕು ತೆಗೆಯುತ್ತಿದ್ದಳು. ಒಬ್ಬನಂತೂ ಊಟ ಮಾಡುವಾಗ ಬಾಯಿ ಸದ್ದು ಮಾಡುತ್ತಾನೆಂದು ಬೇಡವೆಂದಳು. ಹಗಲೆಲ್ಲ ಮಗ್ಗದ ಸದ್ದು ಸಾಲದೇ, ಮನೆಗೂ ಒಂದು ಕಟ್ಟಿಕೊಳ್ಳಬೇಕೇ ಎಂದು ಕೇಳಿದ್ದಳಂತೆ. ಅವರಿಬ್ಬರಿಗೂ ಒಬ್ಬನೇ ತಮ್ಮ. ಬೇರೆ ಊರಲ್ಲಿ ಬಸ್ ಕಂಡಕ್ಟರ್. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಫೋನಿನಲ್ಲಿ ಮಾತಾಡುವುದು ಯಾವಾಗಲೂ ಪುಟ್ಟಿಯ ಪಾಲಿನ ಕೆಲಸ.

ಮಗ್ಗದ ಶೆಡ್ಡಿನ ಸದ್ದು ಒಳಗೆ ಹೋಗದವರಿಗೆ ತಿಳಿಯುವಂಥದ್ದಲ್ಲ. ಅದು ಕಿವಿಗೆ ಮಾತ್ರ ಬಡಿಯುವುದಿಲ್ಲ. ಹಲ್ಲಿಗೆ, ಅಂಗಾಲಿಗೆ, ಹೊಟ್ಟೆಯೊಳಕ್ಕೆ ಬಡಿಯುತ್ತದೆ. ಸಾಲು ಸಾಲು ಮಗ್ಗಗಳಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಹೊಡೆಯುತ್ತಿರುವಾಗ ಅಲ್ಲಿ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ತುಟಿಯಲ್ಲೇ ಮಾತು, ಕೈಯಲ್ಲೇ ಮಾತು. ಎರಡು ಬೆರಳು ಹೊಸೆದರೆ ಎಳೆ ಕಡಿದಿದೆ ಎಂದು. ಹೊಟ್ಟೆ ಸವರಿಕೊಂಡರೆ ಊಟಕ್ಕೆ ಏಳೋಣ ಎಂದು. ಗದ್ದ ನೀವಿಕೊಂಡರೆ ಗಡ್ಡದ ಮೇಸ್ತ್ರಿ ಬರುತ್ತಿದ್ದಾನೆ, ಹುಷಾರು ಎಂದು. ಇದು ಮೇಸ್ತ್ರಿಗೂ ಗೊತ್ತಿತ್ತು. ಅವನು ಬಾಗಿಲಲ್ಲಿ ನಿಂತು ತಾನೇ ಗದ್ದ ನೀವಿಕೊಂಡು ಆಮೇಲೆ ಒಳಗೆ ಬರುತ್ತಿದ್ದ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಆ ನಗುವೂ ಕಣ್ಣಿಗೆ ಕಂಡದ್ದೇ ಹೊರತು ಕಿವಿಗೆ ಬಿದ್ದದ್ದಲ್ಲ.

ಆ ಅಭ್ಯಾಸ ಅಕ್ಕತಂಗಿಯರ ಹಿಂದೆಯೇ ಮನೆಗೂ ಬಂದಿತ್ತು. ಒಬ್ಬಳು ಒಲೆಯ ಮುಂದೆ, ಒಬ್ಬಳು ಹೊಸ್ತಿಲ ಮೇಲೆ ಕೂತು ತುಟಿಯಲ್ಲೇ ಊರ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದರು. ಗೋಡೆಯಾಚೆ ಬಾಡಿಗೆಗೆ ಬಂದ ಹೊಸಬರು ಇವರಿಬ್ಬರೂ ಮುನಿಸಿಕೊಂಡು ಮಾತು ಬಿಟ್ಟಿದ್ದಾರೆಂದೇ ತಿಳಿದು, ರಾಜಿ ಮಾಡಿಸಲು ಬಂದಿದ್ದರು. ದೊಡ್ಡಕ್ಕ ಅದನ್ನು ಎಲ್ಲರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು. ಅವಳಿಗೆ ಅದೊಂದು ಹೆಮ್ಮೆ. ಪುಟ್ಟಿಯ ಹುಬ್ಬು ಕದಲಿದರೆ ಸಾಕು, ತನಗೆ ಎಲ್ಲ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಆದರೂ ಪುಟ್ಟಿ ಅಕ್ಕನಷ್ಟು ಮೌನದವಳಲ್ಲ. ಪಾತ್ರೆ ತೊಳೆಯುವಾಗ ಏನಾದರೂ ಗುನುಗುತ್ತಿದ್ದಳು. ಅಕ್ಕ ಬೆನ್ನು ತಿರುಗಿಸಿದ್ದರೆ ದನಿ ಎತ್ತಿಯೇ ಮಾತಾಡುತ್ತಿದ್ದಳು.

ತನ್ನ ಕಿವಿ ಮಂದವಾಗುತ್ತಿದೆ ಎನ್ನುವುದು ದೊಡ್ಡಕ್ಕನಿಗೆ ಗೊತ್ತಾಗಿ ಬಹಳ ಕಾಲವಾಗಿತ್ತು. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಾಗ ಉಳಿದವರು ಹರಟೆಗೆ ಕೂರುವರು. ಅವಳ ತಲೆಯೊಳಗೆ ಮಾತ್ರ ದೂರದಲ್ಲೆಲ್ಲೋ ಒಂದು ಮಗ್ಗ ನಡೆಯುತ್ತಲೇ ಇರುತ್ತಿತ್ತು. ಮೊದಲು ಅದು ಪಕ್ಕದ ಶೆಡ್ಡಿನದೆಂದುಕೊಂಡಳು. ಆಮೇಲೆ ಒಂದು ದಿನ ಅವಳ ಮಗ್ಗದಲ್ಲಿ ಲಾಳಿಯ ಹೊಡೆತ ತಪ್ಪಿ, ಅರ್ಧ ಥಾನು ಬಟ್ಟೆ ಕೆಟ್ಟಿತು. ಹೊಡೆತ ತಪ್ಪಿದರೆ ಸದ್ದು ಬೇರೆಯಾಗುತ್ತದೆ. ಅಷ್ಟು ವರ್ಷ ದುಡಿದವಳಿಗೆ ಅದು ಕೇಳಬೇಕಿತ್ತು. ಮೇಸ್ತ್ರಿ ಮಗ್ಗವನ್ನೇ ಬೈದು ಹೋದ. ಅವಳು ತಲೆ ತಗ್ಗಿಸಿ ಕೆಟ್ಟ ಬಟ್ಟೆ ಸುತ್ತಿಟ್ಟಳು.

ಕಿವಿ ಹೋದವರನ್ನು ಮಗ್ಗದ ಮೇಲೆ ಇಡುವುದಿಲ್ಲ ಎನ್ನುವುದು ಆ ಶೆಡ್ಡಿನ ಕಟ್ಟಳೆ. ಮೂಲೆಯಲ್ಲಿ ಥಾನು ಮಡಿಸುವ ಮೇಜಿಗೆ ಕಳಿಸುತ್ತಾರೆ. ಅಲ್ಲಿಗೆ ಹೋದವರನ್ನು ಉಳಿದವರು ಎಷ್ಟೇ ಪ್ರೀತಿಯಿಂದ ನೋಡಲಿ, ಮುಗಿದವರನ್ನು ನೋಡಿದ ಹಾಗೆಯೇ ನೋಡುತ್ತಾರೆ. ದೊಡ್ಡಕ್ಕ ಅಲ್ಲಿಗೆ ಹೋಗಲು ತಯಾರಿರಲಿಲ್ಲ. ಮಗ್ಗದ ಕಬ್ಬಿಣದ ಮೇಲೆ ಅಂಗೈ ಇಟ್ಟು, ಅದರ ನಡುಕದಿಂದಲೇ ಹೊಡೆತ ಸರಿಯಿದೆಯೋ ಇಲ್ಲವೋ ತಿಳಿಯುವುದನ್ನು ಕಲಿತಳು. ಮನೆಯಲ್ಲಿ ಇನ್ನೊಂದನ್ನು ಕಲಿತಳು. ಪುಟ್ಟಿಯ ಮುಖ ಕಾಣುವ ಹಾಗೆಯೇ ಕೂರುವುದು. ಮುಖ ಕಾಣದೆ ಮಾತು ತಪ್ಪಿಹೋದರೆ ಹೂಂ ಎನ್ನುವುದು. ಹೂಂ ಎಂದಾಗ ಪುಟ್ಟಿಯ ಹುಬ್ಬು ಗಂಟಾದರೆ ತಕ್ಷಣ ಊಹೂಂ ಎಂದು ತಿರುಗಿಸಿಕೊಳ್ಳುವುದು. ಹೀಗೆ ಸರಾಗವಾಗಿ ನಡೆಯಿತು. ನಡೆದದ್ದು ನೋಡಿ ಅವಳಿಗೆ ಧೈರ್ಯವೂ ಬಂತು. ಕಿವಿ ಇಲ್ಲದೆಯೂ ಬದುಕು ಸಾಗುತ್ತದೆ, ತನಗೇನು ಕಡಿಮೆ ಎಂದುಕೊಂಡು ಹಾಯಾಗಿದ್ದಳು.

ಆ ವರ್ಷ ಪುಟ್ಟಿಯ ದನಿ ಅವಳಿಗೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಬಂತು. ಕಿವಿ ಇನ್ನಷ್ಟು ಹೋಯಿತು ಎಂದುಕೊಂಡಳು. ಬೇರೇನು ಅಂದುಕೊಳ್ಳಲಿಕ್ಕೆ ಸಾಧ್ಯವಿತ್ತು? ಒಳಗೊಳಗೇ ಸ್ವಲ್ಪ ಅಳುಕಿದಳು, ಆಮೇಲೆ ಅಳುಕಿಗೂ ಒಗ್ಗಿಹೋದಳು. ದನಿ ಕಡಿಮೆಯಾದಷ್ಟೂ ಅವಳು ಹೂಂಗುಟ್ಟುವುದು ಜಾಸ್ತಿಯಾಯಿತು. ಪಾತ್ರೆ ತೊಳೆಯುತ್ತ ಪುಟ್ಟಿ ಗುನುಗುವುದು ನಿಂತುಹೋಗಿತ್ತು. ಅದೂ ತನ್ನ ಕಿವಿಯ ತಪ್ಪಿಗೇ ಸೇರಿತು.

ಒಂದು ಸಂಜೆ ಪುಟ್ಟಿ ಒಗೆದ ಬಟ್ಟೆ ಮಡಿಸುತ್ತ ಅವಳ ಎದುರಿಗೇ ಬಂದು ಕೂತಳು. ಗಂಟಲ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಅಕ್ಕಾ, ನನ್ನ ದನಿ ಮೊದಲಿನ ಹಾಗಿಲ್ಲ ಅನ್ಸುತ್ತೆ. ಕಮ್ಮಿ ಆಗಿದೆಯಾ?"

ದೊಡ್ಡಕ್ಕ ಆ ತುಟಿಯನ್ನು ಸರಿಯಾಗಿಯೇ ಓದಿದಳು. ಒಂದಕ್ಷರವೂ ತಪ್ಪಲಿಲ್ಲ. ಹೌದು, ಕಡಿಮೆಯಾಗಿದೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದರೆ ತನ್ನ ಕಿವಿಯ ಗುಟ್ಟು ಬಯಲಾಗುತ್ತದೆ, ಇವಳು ಬಾಯಿ ತಡೆಯದೆ ಮೇಸ್ತ್ರಿಯವರೆಗೂ ಒಯ್ಯುತ್ತಾಳೆ ಎಂಬ ಭಯ ಹಿಂದಕ್ಕೆ ಎಳೆಯಿತು.

"ಏನೂ ಇಲ್ಲ ಕಣೇ," ಎಂದಳು. "ಯಾವತ್ತಿನ ಹಾಗೇ ಇದೆ. ನೂಲಿನ ಧೂಳು, ಬಿಸಿನೀರು ಕುಡಿ."

ಪುಟ್ಟಿ ಗಂಟಲಿನಿಂದ ಕೈ ತೆಗೆದಳು. ಅವಳ ಮುಖ ಹಗುರಾಯಿತು. ಅಕ್ಕ ಸುಳ್ಳು ಹೇಳುವವಳಲ್ಲ. ಅಕ್ಕನಿಗೆ ಕೇಳುತ್ತಿದೆ ಎಂದ ಮೇಲೆ ದನಿ ಇರಲೇಬೇಕು. ಶೆಡ್ಡಿನಲ್ಲಿ ಯಾರೂ ಯಾರ ದನಿಯನ್ನೂ ಕೇಳುವುದಿಲ್ಲ. ಅಂಗಡಿಯಲ್ಲಿ ಬೇಕಾದದ್ದಕ್ಕೆ ಬೆರಳು ತೋರಿಸುವುದು ಅವಳಿಗೆ ಮೊದಲಿನಿಂದಲೂ ರೂಢಿ. ಫೋನಿನಲ್ಲಿ ತಮ್ಮ ಸರಿಯಾಗಿ ಕೇಳುತ್ತಿಲ್ಲವೆಂದು ಗೊಣಗಿದರೆ ಲೈನು ಸರಿಯಿಲ್ಲ ಎನ್ನುತ್ತಿದ್ದಳು, ಅವನೂ ಇರಬಹುದೆನ್ನುತ್ತಿದ್ದ. ದಿನವಿಡೀ ಅವಳ ಮಾತಿಗೆ ತಪ್ಪದೆ ಉತ್ತರ ಕೊಡುತ್ತಿದ್ದವಳು ಅಕ್ಕ ಒಬ್ಬಳೇ. ಆ ಉತ್ತರವನ್ನು ನಂಬಿಕೊಂಡೇ ಅವಳು ಬೇಸಿಗೆ ಕಳೆದಳು, ಮಳೆಗಾಲ ಕಳೆದಳು.

ತಮ್ಮ ರಜೆ ಹಾಕಿ ಬಂದದ್ದು ಆಮೇಲೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವನನ್ನು ಪುಟ್ಟಿ ನಗುತ್ತ ಏನೋ ಕೇಳಿದಳು. ಹೊಟ್ಟೆ ಬಂದಿದೆಯಲ್ಲೋ ಎಂದು ಅವಳ ತುಟಿ ಹೇಳಿದ್ದನ್ನು ದೊಡ್ಡಕ್ಕ ಕಂಡಳು. ತಮ್ಮ ನಗಲಿಲ್ಲ. ಒಂದು ಕಾಲಿನ ಚಪ್ಪಲಿ ಕಾಲಲ್ಲೇ ಉಳಿಯಿತು. ಅವನು ದೊಡ್ಡಕ್ಕನ ಕಡೆ ತಿರುಗಿದ.

"ಎಷ್ಟು ದಿನದಿಂದ ಹೀಗಿದೆ ಅಕ್ಕಾ?"

"ಯಾವುದೋ?"

"ಇವಳ ದನಿ. ದನಿಯೇ ಇಲ್ಲ, ಬರೀ ಗಾಳಿ ಬರ್ತಿದೆ. ನಿನಗೆ ಗೊತ್ತಾಗಲಿಲ್ವಾ?"

ಆ ಗಳಿಗೆಯಲ್ಲಿ ದೊಡ್ಡಕ್ಕನ ಮನಸ್ಸಿಗೆ ಮೊದಲು ಬಂದದ್ದು ನಿರಾಳ. ಹಾಗಾದರೆ ತನ್ನ ಕಿವಿ ಅಷ್ಟೇನೂ ಕೆಟ್ಟಿಲ್ಲ ಎಂಬ ನಿರಾಳ. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ಅದು ಇತ್ತು. ಅದರ ಹಿಂದೆಯೇ ತಂಗಿಯ ದನಿ ಹೋಗಿದೆ ಎನ್ನುವುದು ತಲೆಗೆ ಹತ್ತಿತು. ಆ ನಿರಾಳಕ್ಕಾಗಿ ಅವಳು ತನ್ನನ್ನು ಮುಂದೆ ಎಂದೂ ಕ್ಷಮಿಸಿಕೊಳ್ಳಲಿಲ್ಲ. ಉಳಿದದ್ದಕ್ಕೆಲ್ಲ ಏನಾದರೂ ಕಾರಣ ಹುಡುಕಬಹುದಿತ್ತು, ಇದಕ್ಕೆ ಇರಲಿಲ್ಲ.

ಪುಟ್ಟಿಗೆ ತಮ್ಮನ ಮೇಲೆ ರೇಗಿತು. ಅಕ್ಕನಿಗೆ ಚೆನ್ನಾಗಿ ಕೇಳುತ್ತದೆ, ದಿನಾ ಮಾತಾಡುತ್ತೇವೆ, ನೀನೇ ಬಸ್ಸಿನಲ್ಲಿ ಸೀಟಿ ಊದಿ ಊದಿ ಕಿವುಡನಾಗಿದ್ದೀಯ ಎಂದಳು. ಅಕ್ಕನ ಕಡೆ ತಿರುಗಿ, ಹೇಳು ಎನ್ನುವಂತೆ ನೋಡಿದಳು.

ದೊಡ್ಡಕ್ಕ ತಂಗಿಯ ಎದುರಿಗೆ ಬಂದು ಕೂತಳು.

"ನನಗೆ ಕಿವಿ ಕೇಳಲ್ಲ ಪುಟ್ಟಿ," ಎಂದಳು. "ಬಹಳ ದಿನ ಆಯ್ತು. ನಿನ್ನ ಬಾಯಿ ನೋಡ್ಕೊಂಡು ಹೂಂ ಅಂತಿದ್ದೆ."

ಪುಟ್ಟಿ ಬಯ್ಯಲಿಲ್ಲ. ಮುಖ ತಿರುಗಿಸಲೂ ಇಲ್ಲ. ಆಮೇಲೆ ಅವಳ ತುಟಿ ನಿಧಾನವಾಗಿ ಆಡಿತು, ಅಕ್ಕನಿಗೆ ತಪ್ಪದೆ ತಿಳಿಯಲೆಂದೇ ಆಡಿದ ಹಾಗೆ.

"ಹಾಗಾದ್ರೆ ಇಷ್ಟು ದಿನ ನಾನು ಯಾರ ಹತ್ರ ಮಾತಾಡಿದ್ದು?"

ಆಸ್ಪತ್ರೆಯ ಡಾಕ್ಟರಮ್ಮ ಮೃದು ಮಾತಿನವಳು. ತುದಿಯಲ್ಲಿ ದೀಪವಿದ್ದ ಸಣ್ಣ ಕೊಳವೆಯನ್ನು ಗಂಟಲಿಗೆ ಇಳಿಸಿ ನೋಡಿದಳು, ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸಿದಳು. ಉತ್ತರ ಬಂದ ದಿನ ಮೂವರನ್ನೂ ಕೂರಿಸಿಕೊಂಡು ಹೇಳಿದಳು. ಹುಣ್ಣು ಧ್ವನಿಪೆಟ್ಟಿಗೆಯನ್ನೆಲ್ಲ ಹಿಡಿದಿದೆ. ಅದನ್ನು ತೆಗೆದೇ ಹಾಕಬೇಕು. ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಮಾಡುತ್ತೇವೆ. ಮೊದಲ ದಿನಗಳಲ್ಲೇ ಬಂದಿದ್ದರೆ ಬರೀ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ವಾಸಿ ಮಾಡುವ ದಾರಿ ಇತ್ತು. ದನಿ ಬದಲಾದದ್ದು ಮನೆಯವರಿಗೆ ಮೊದಲು ತಿಳಿಯುತ್ತದೆ, ಸಾಮಾನ್ಯವಾಗಿ ಅವರೇ ಕರೆದುಕೊಂಡು ಬರುತ್ತಾರೆ ಎಂದಳು. ಅವಳು ಯಾರನ್ನೂ ಚುಚ್ಚಲು ಹೇಳಿದ್ದಲ್ಲ. ತಮ್ಮ ಅದನ್ನು ದೊಡ್ಡಕ್ಕನಿಗೆ ತಿರುಗಿ ಹೇಳಬೇಕಾಯಿತು. ಅವನು ಆ ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ಹೇಳಿದ. ಆದರೆ ದೊಡ್ಡಕ್ಕ ಅಷ್ಟರಲ್ಲಿ ಡಾಕ್ಟರಮ್ಮನ ತುಟಿಯಿಂದಲೇ ಅದನ್ನು ಓದಿಬಿಟ್ಟಿದ್ದಳು.

ಅಂದಿನಿಂದ ಅವಳನ್ನು ಭಯ ಹಿಡಿಯಿತು. ಹಾಯಾಗಿದ್ದವಳು ಈಗ ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಪುಟ್ಟಿ ನೀರು ಕುಡಿದರೆ ಗಂಟಲು ನೋಡುವುದು, ಕೆಮ್ಮಿದರೆ ಎದ್ದು ನಿಲ್ಲುವುದು, ತುತ್ತು ಇಳಿಯಿತೇ ಎಂದು ಕೇಳುವುದು. ಪುಟ್ಟಿ ರೋಸಿಹೋಗಿ, ನನ್ನನ್ನು ಹುಣ್ಣು ತಿನ್ನುವ ಮೊದಲು ನಿನ್ನ ಕಣ್ಣೇ ತಿಂದುಹಾಕುತ್ತದೆ ಎಂದಳು. ಬೀದಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ದೊಡ್ಡಕ್ಕ ಎಲ್ಲರ ಬಾಯನ್ನೂ ನೋಡುತ್ತಿದ್ದಳು. ಯಾರ ಒಳಗೆ ಏನು ಕೂತಿದೆಯೋ, ಯಾರು ಯಾರಿಗೆ ಸುಮ್ಮನೆ ತಲೆಯಾಡಿಸುತ್ತಿದ್ದಾರೋ ಎಂದು ಒಬ್ಬೊಬ್ಬರ ಮುಖದಲ್ಲೂ ಹುಡುಕುತ್ತಿದ್ದಳು.

ತಮ್ಮ ಹಠ ಹಿಡಿದು ಅವಳ ಕಿವಿಗೊಂದು ಮೆಷಿನ್ ಹಾಕಿಸಿದ. ಆಪರೇಷನ್ನಿಗೆ ಮುಂಚೆ ಒಮ್ಮೆ ಪುಟ್ಟಿಯ ದನಿ ಕೇಳಿಬಿಡು ಎಂದ. ಮೆಷಿನ್ ಹಾಕಿಕೊಂಡು ಹೊರಗೆ ಬಂದಾಗ ಜಗತ್ತೆಲ್ಲ ಅವಳ ಮೇಲೆ ಮುಗಿಬಿದ್ದಿತು. ಕುರ್ಚಿ ಎಳೆದ ಸದ್ದು, ಚಪ್ಪಲಿಯ ಸದ್ದು, ತನ್ನದೇ ಸೀರೆಯ ಸರಸರ. ಪುಟ್ಟಿಯನ್ನು ಹಾಸಿಗೆಯ ಮೇಲೆ ಕೂರಿಸಿ, ಏನಾದರೂ ಮಾತಾಡು ಎಂದಳು.

ಪುಟ್ಟಿ "ಅಕ್ಕಾ" ಎಂದಳು.

ಒಣಗಿದ ಎಲೆಯನ್ನು ಕಲ್ಲಿನ ಮೇಲೆ ಉಜ್ಜಿದ ಹಾಗೆ ಬಂತು ಅದು. ದೊಡ್ಡಕ್ಕ ಅತ್ತಳು. ಕೇಳಿಸಿತು ಎಂದೇ ಅತ್ತಳೆಂದುಕೊಂಡು ಪುಟ್ಟಿ ಅವಳ ಕೆನ್ನೆ ಒರೆಸಿ, ಇನ್ನೂ ನಾಲ್ಕು ಸಲ ಕರೆದಳು. ಹೊರಗೆ ತಮ್ಮ ಸಮಾಧಾನ ಮಾಡಲು ಹೋಗಿ ಹಳೆಯದನ್ನು ನೆನೆದ. ಚಿಕ್ಕಂದಿನಲ್ಲಿ ಇವಳು ಅಕ್ಕಾ ಎಂದು ಕೂಗಿದರೆ ಬೀದಿಯ ಕೊನೆಗೆ ಕೇಳುತ್ತಿತ್ತು, ಕಂಚಿನ ಹಾಗಿತ್ತು ಎಂದ. ದೊಡ್ಡಕ್ಕ ಆ ದನಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತು ಎಷ್ಟು ತಡಕಾಡಿದರೂ ಬರಲಿಲ್ಲ. ಪುಟ್ಟಿಯ ತುಟಿ ಕಂಡಿತು, ಹಲ್ಲು ಕಂಡಿತು, ಬಾಯಿ ತೆರೆದ ಹುಡುಗಿಯ ಮುಖ ಪೂರ್ತಿ ಕಂಡಿತು. ದನಿ ಮಾತ್ರ ಇರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿನಲ್ಲಿ ಉಳಿದವರೆಲ್ಲ ಸನ್ನೆ ಮಾಡಲು, ಬರೆದು ತೋರಿಸಲು ಒದ್ದಾಡುತ್ತಿದ್ದರೆ ಪುಟ್ಟಿ ಕಣ್ಣು ಬಿಟ್ಟ ಮೊದಲ ಸಂಜೆಯೇ ಇವರಿಬ್ಬರೂ ಮಾತಿಗೆ ಕೂತಿದ್ದರು. ನರ್ಸು ಬಂದು ನೋಡಿ, ನಿಮ್ಮ ತಂಗಿ ಆಗಲೇ ಹರಟೆ ಶುರುಮಾಡಿದ್ದಾರಲ್ಲಮ್ಮ ಎಂದು ನಕ್ಕಳು.

ಮನೆಗೆ ಬಂದ ಮೇಲೆ ದೊಡ್ಡಕ್ಕ ಮೊದಲು ಮಾಡಿದ ಕೆಲಸ ಮೇಸ್ತ್ರಿಯ ಹತ್ತಿರ ಹೋದದ್ದು. ಕಿವಿಯಿಂದ ಮೆಷಿನ್ ತೆಗೆದು ತೋರಿಸಿ, ಇದಿಲ್ಲದಿದ್ದರೆ ನನಗೆ ಕೇಳುವುದಿಲ್ಲ, ಶೆಡ್ಡಿನ ಸದ್ದಿನಲ್ಲಿ ಇದನ್ನು ಹಾಕಿಕೊಳ್ಳಲಾಗುವುದಿಲ್ಲ, ಮೇಜಿಗೆ ಕಳಿಸಿ ಎಂದಳು. ಅವನು ಗಡ್ಡ ಕೆರೆದುಕೊಂಡು, ಬಟ್ಟೆ ಕೆಟ್ಟ ದಿನವೇ ನನಗೆ ಗೊತ್ತಿತ್ತು ದೊಡ್ಡಕ್ಕ, ನೀವಾಗಿಯೇ ಹೇಳುತ್ತೀರೆಂದು ಸುಮ್ಮನಿದ್ದೆ ಎಂದ. ಯಾವ ಭಯಕ್ಕೆ ಅವಳು ತಂಗಿಗೆ ಸುಳ್ಳು ಹೇಳಿದ್ದಳೋ ಆ ಭಯಕ್ಕೆ ಬುಡವೇ ಇರಲಿಲ್ಲ. ಅವಳು ಅಲ್ಲಿಂದ ಮನೆಯವರೆಗೂ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಡೆದಳು.

ಆಮೇಲೆ ಅವಳು ಯಾರಿಗೂ ಸುಮ್ಮನೆ ಹೂಂ ಎನ್ನಲಿಲ್ಲ. ಅಂಗಡಿಯವನಿಗೆ, ನೆರೆಯವರಿಗೆ, ಡಾಕ್ಟರಮ್ಮನಿಗೆ ಕೂಡ, ಕೇಳಲಿಲ್ಲ, ಇನ್ನೊಂದು ಸಲ ಹೇಳಿ ಎನ್ನುತ್ತಿದ್ದಳು. ಜನ ಬೇಸರಪಟ್ಟರೂ ಬಿಡುತ್ತಿರಲಿಲ್ಲ. ಪುಟ್ಟಿಯ ಹತ್ತಿರ ಒಂದು ಮಧ್ಯಾಹ್ನ ಕೂತು, ಆ ವರ್ಷವೆಲ್ಲ ನೀನು ಏನೇನು ಹೇಳಿದೆ, ನಾನು ಯಾವುದಕ್ಕೆಲ್ಲ ಹೂಂ ಅಂದೆ, ಒಂದೊಂದಾಗಿ ಹೇಳು ಎಂದು ಕೇಳಿದಳು. ಪುಟ್ಟಿ ನಕ್ಕು, ಅಷ್ಟೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದಳು. ಆಮೇಲೆ ಒಂದನ್ನು ಹೇಳಿದಳು. ತಮ್ಮನ ಬಸ್ಸಿನಲ್ಲಿ ಒಂದು ದಿನ ಈ ಕೊನೆಯಿಂದ ಆ ಕೊನೆಯವರೆಗೆ ಇಬ್ಬರೂ ಹೋಗಿ ಬರೋಣ ಎಂದಿದ್ದಳಂತೆ. ಎಲ್ಲಿಗೂ ಇಳಿಯುವುದು ಬೇಡ, ಸುಮ್ಮನೆ ಕಿಟಕಿಯ ಹತ್ತಿರ ಕೂತು.

"ನೀನು ಹೂಂ ಅಂದಿದ್ದೆ," ಎಂದವು ಅವಳ ತುಟಿಗಳು. "ಯಾವಾಗ ಹೊರಡಿಸ್ತೀಯೋ ಅಂತ ಕಾಯ್ತಾ ಇದ್ದೆ. ಅಕ್ಕ ಮರೆತಳು ಅಂದ್ಕೊಂಡೆ."

ಮಾರನೆಯ ವಾರವೇ ಹೋದರು. ಡ್ರೈವರನ ಹಿಂದಿನ ಸೀಟು. ಪುಟ್ಟಿ ಕುತ್ತಿಗೆಯ ತೂತಿಗೆ ಧೂಳು ಹೋಗದಂತೆ ತೆಳು ಬಟ್ಟೆ ಕಟ್ಟಿಕೊಂಡು ಕಿಟಕಿಗೆ ಹಣೆ ಒತ್ತಿ ಕೂತಳು. ತಮ್ಮ ಟಿಕೆಟ್ ಹರಿಯುತ್ತ ಬಂದು, ಅಮ್ಮಾವ್ರು ಎಲ್ಲಿಗೆ ಎಂದು ಗುರುತಿಲ್ಲದವನಂತೆ ಕೇಳಿದ. ಪುಟ್ಟಿ ನೀನು ಕರೆದುಕೊಂಡು ಹೋದಲ್ಲಿಗೆ ಎಂದು ಕೈ ತೋರಿಸಿದಳು. ಹೊಲ, ಸೇತುವೆ, ಊರಾಚೆಯ ಇಟ್ಟಿಗೆ ಗೂಡು, ಶಾಲೆ ಬಿಟ್ಟ ಮಕ್ಕಳು, ಎಲ್ಲವನ್ನೂ ಅವಳು ಅಕ್ಕನಿಗೆ ಮೊಣಕೈಯಲ್ಲಿ ತಿವಿದು ತಿವಿದು ತೋರಿಸಿದಳು. ದೊಡ್ಡಕ್ಕ ಹೊರಗೆ ನೋಡಿದ್ದು ಕಡಿಮೆ. ತಂಗಿಯ ಮುಖವನ್ನು ಹಾಗೆ ಅವಳು ಹಿಂದೆಂದೂ ನೋಡಿರಲಿಲ್ಲ. ಇಷ್ಟು ವರ್ಷ ನೋಡಿದ್ದು ಬರೀ ತುಟಿಯನ್ನು.

ಹುಣ್ಣು ತಿರುಗಿ ಬಂತು. ಈ ಸಲ ಅದು ಕುತ್ತಿಗೆಯ ಪಕ್ಕದಲ್ಲಿ ಗಂಟಾಗಿ ಎದ್ದದ್ದನ್ನು ಮೊದಲು ಕಂಡವಳು ದೊಡ್ಡಕ್ಕನೇ. ಎರಡನೆಯ ಯೋಚನೆ ಮಾಡದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬೇಗ ಬಂದಿದ್ದೀರಿ, ಒಳ್ಳೆಯದಾಯಿತು ಎಂದಳು ಡಾಕ್ಟರಮ್ಮ. ಆದರೆ ರೋಗ ಅದಕ್ಕಿಂತ ಬೇಗ ಹಬ್ಬಿತ್ತು. ಕೊನೆಗೆ ಮನೆಗೇ ಕರೆದುಕೊಂಡು ಹೋಗಿ ಎಂದರು.

ಪುಟ್ಟಿಯ ಜೀವ ಹೋದದ್ದು ಒಂದು ಮಧ್ಯಾಹ್ನ. ಕೋಣೆಯಲ್ಲಿ ಬಿಸಿಲಿತ್ತು. ಪುಟ್ಟಿ ಬಹಳ ಸೊರಗಿದ್ದಳು, ತುಟಿ ಒಡೆದು ಊದಿಕೊಂಡಿತ್ತು. ಅವಳು ಕಣ್ಣು ತೆರೆದು ಅಕ್ಕನನ್ನು ನೋಡಿ ಏನೋ ಹೇಳಿದಳು. ದೊಡ್ಡಕ್ಕ ಮುಖ ಹತ್ತಿರ ತಂದಳು. ತುಟಿಗೆ ಮೊದಲಿನ ಕಸುವಿರಲಿಲ್ಲ. ಆಡಿದ್ದಕ್ಕೆ ಆಕಾರ ಬರುತ್ತಿರಲಿಲ್ಲ.

"ಗೊತ್ತಾಗಲಿಲ್ಲ ಪುಟ್ಟಿ. ಇನ್ನೊಂದ್ಸಲ ಹೇಳು."

ಪುಟ್ಟಿ ಇನ್ನೊಮ್ಮೆ ಹೇಳಿದಳು. ಸಣ್ಣ ಮಾತು, ಎರಡು ಮೂರು ಶಬ್ದದ್ದಿರಬೇಕು. ಹತ್ತಿರ ಕೂತಿದ್ದ ತಮ್ಮ ಅವಳ ಪಾದ ಹಿಡಿದುಕೊಂಡಿದ್ದ. ಅವನು ದೊಡ್ಡಕ್ಕನ ತೋಳು ಮುಟ್ಟಿದ.

"ಹೂಂ ಅಂದ್ಬಿಡು ಅಕ್ಕಾ. ಅವಳಿಗೆ ಸಮಾಧಾನ ಆಗ್ಲಿ."

ಹೂಂ ಎನ್ನುವುದು ಸುಲಭವಿತ್ತು. ಅಂದಿದ್ದರೆ ಪುಟ್ಟಿ ಬಹುಶಃ ಕಣ್ಣು ಮುಚ್ಚಿ ಮಲಗುತ್ತಿದ್ದಳು. ದೊಡ್ಡಕ್ಕನ ಗಂಟಲಿಗೆ ಅದು ಬಂದೂ ಬಂತು. ಅವಳು ತಲೆ ಅಲ್ಲಾಡಿಸಿದಳು.

"ಇಲ್ಲ ಕಣೇ. ನನಗೆ ತಿಳೀಲಿಲ್ಲ."

ಪುಟ್ಟಿ ಮೂರನೆಯ ಸಲ ಹೇಳಲು ಬಾಯಿ ತೆರೆದಳು. ತುಟಿ ಸ್ವಲ್ಪ ಆಡಿ ನಿಂತಿತು. ಅಕ್ಕನ ಬೆರಳನ್ನು ಹಿಡಿದುಕೊಂಡಳು. ಅವಳ ಮುಖದಲ್ಲಿ ಆಗ ಬಂದದ್ದು ಬೇಸರವೋ, ನಗುವೋ, ಹೋಗಲಿ ಬಿಡು ಎನ್ನುವುದೋ, ದೊಡ್ಡಕ್ಕನಿಗೆ ಹೇಳಲಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಹಿಡಿತ ಸಡಿಲವಾಯಿತು.

ನೋಡಲು ಬಂದ ಹೆಂಗಸರೆಲ್ಲ ಕೊನೆಯ ಮಾತು ಏನೆಂದು ಕೇಳಿದರು. ತಿಳಿಯಲಿಲ್ಲ ಎಂದಾಗ ಅವರೇ ಒಂದೊಂದನ್ನು ಹುಡುಕಿ ಕೊಟ್ಟರು. ಹುಷಾರಾಗಿರು ಎಂದಿರುತ್ತಾಳೆ ಎಂದಳು ಒಬ್ಬಳು. ನೀರು ಕೇಳಿರಬೇಕು ಎಂದಳು ಇನ್ನೊಬ್ಬಳು. ಅಕ್ಕಾ ಎಂದು ಕರೆದದ್ದೇ ಇರಬೇಕು, ಬೇರೇನಿರುತ್ತದೆ ಎಂದ ತಮ್ಮ. ದೊಡ್ಡಕ್ಕ ಯಾವುದನ್ನೂ ಒಪ್ಪಲಿಲ್ಲ, ಯಾವುದನ್ನೂ ಅಲ್ಲವೆನ್ನಲೂ ಇಲ್ಲ.

ಈಗ ಅವಳು ಮೂಲೆಯ ಮೇಜಿನ ಹತ್ತಿರ ನಿಂತು ಥಾನು ಮಡಿಸುತ್ತಾಳೆ. ಕೈ ತನ್ನಷ್ಟಕ್ಕೆ ಮಡಿಸುತ್ತಿರುವಾಗ ತುಟಿ ಆಡುತ್ತಿರುತ್ತದೆ. ಆ ಮಧ್ಯಾಹ್ನ ಕಂಡದ್ದನ್ನು, ಕಂಡ ಹಾಗೆಯೇ, ತನ್ನ ತುಟಿಯಲ್ಲಿ ಆಡಿಸಿ ನೋಡುತ್ತಾಳೆ. ಒಂದು ಸಲ ಒಂದು ಮಾತಿನ ಹಾಗೆ ತೋರುತ್ತದೆ, ಇನ್ನೊಂದು ಸಲ ಬೇರೆಯದರ ಹಾಗೆ. ಮಗ್ಗದ ಸಾಲಿನಿಂದ ಯಾರಾದರೂ ನೋಡಿ, ಏನು ಹೇಳುತ್ತಿದ್ದೀರಿ ದೊಡ್ಡಕ್ಕ ಎಂದು ಕೈಯಲ್ಲಿ ಕೇಳುತ್ತಾರೆ. ಗೊತ್ತಿಲ್ಲ ಎಂದು ಅವಳೂ ಕೈಯಲ್ಲೇ ಹೇಳುತ್ತಾಳೆ. ಮತ್ತೆ ಮೊದಲಿನಿಂದ ಆಡಿಸುತ್ತಾಳೆ.